ಅತ್ತಿಗೆಯ ಮಿಡಿಸೌತೆ ಮತ್ತು ನನ್ನ ಪಾಠ

ಹೊಳೆನರಸೀಪುರದ ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರದ ಮೇಷ್ಟರು. ‘ಅಂತರರಾಷ್ಟ್ರೀಯ ಸಂಬಂಧಗಳಲ್ಲಿ ಆರ್ಥಿಕ ಅಂಶಗಳು’ ಅನ್ನುವ ಪಾಠ ಬರೆಸಿ ಬರೆಸಿ ನನಗೆ ಮಗ್ಗಿಯಂತೆ ಬಾಯಿಪಾಠ. ಒಂದು ದೇಶದ ಬಂದರು ಮುಚ್ಚಿದರೆ ಇನ್ನೊಂದು ದೇಶದ ಹೊಲ ಬಾಡುತ್ತದೆ. ಕೊಳ್ಳುವವನ ಮುಂದೆ ಮಾರುವವನ ತಲೆ ತಗ್ಗುತ್ತದೆ. ಅಧಿಕಾರ ವ್ಯಾಪಾರದ ಹಿಂದೆ ಹೋಗುತ್ತದೆ. ಬರ್ಕೊಂಡ್ರಾ, ಮುಂದಿನ ಪಾಯಿಂಟ್ ಅನ್ನುತ್ತಿದ್ದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತ ಹಿರಿಯರು ಗಾದೆ ಮಾಡಿದ್ದು ನನ್ನಂಥವರನ್ನು ನೋಡಿಯೇ ಇರಬೇಕು.

ನಮ್ಮ ಮನೆ ಹಳೇಕೋಟೆ ಹೋಬಳಿಯ ಒಂದು ಹಳ್ಳಿಯಲ್ಲಿ. ಅಣ್ಣನಿಗೆ ಚನ್ನರಾಯಪಟ್ಟಣದಲ್ಲಿ ನೌಕರಿ, ಜಮೀನು ನೋಡಿಕೊಳ್ಳುವವಳು ಅತ್ತಿಗೆ. ಊರಿನ ಹೆಂಗಸರ ಸಂಘಕ್ಕೂ ಅವಳೇ ಅಧ್ಯಕ್ಷೆ. ಅಜ್ಜನ ಕಾಲದಲ್ಲಿ ಗಂಡಸರು ನ್ಯಾಯಕ್ಕೆ ಕೂರುತ್ತಿದ್ದ ನಮ್ಮ ಜಗಲಿಯ ಮೇಲೆ ಈಗ ಹೆಂಗಸರು ಕೂರುತ್ತಿದ್ದರು. ಅತ್ತಿಗೆ ಹೇಳಿದರೆ ಮುಗಿಯಿತು, ಅದಕ್ಕೆ ಎರಡನೇ ಮಾತಿರಲಿಲ್ಲ.

ಹೀಗಿರುವಾಗ ಕಂಪನಿಯವನೊಬ್ಬ ಬೈಕಿನಲ್ಲಿ ಬಂದು ಮಿಡಿಸೌತೆ ಹಾಕಿ ಅಂದ. ಬೀಜ ಕೊಡುವವರೂ ಅವರೇ, ಕಾಯಿ ಕೊಳ್ಳುವವರೂ ಅವರೇ. ಇದು ನಾವು ತಿನ್ನುವ ಸೌತೆಕಾಯಿ ಅಲ್ಲ. ಕಿರುಬೆರಳಷ್ಟಿರುವಾಗಲೇ ಕಿತ್ತು, ವಿನೆಗರಿನ ಡ್ರಮ್ಮಿಗೆ ತುಂಬಿ ಹಡಗು ಹತ್ತಿಸುತ್ತಾರೆ. ಎಲ್ಲೋ ಯಾರೋ ಬ್ರೆಡ್ಡಿನ ನಡುವೆ ಇಟ್ಟುಕೊಂಡು ತಿನ್ನುತ್ತಾರೆ. ದಿನಾ ಕೀಳಬೇಕು. ಒಂದು ದಿನ ಬಿಟ್ಟರೆ ಹೆಬ್ಬೆರಳಾಗುತ್ತದೆ, ಎರಡು ದಿನ ಬಿಟ್ಟರೆ ಮೂಲಂಗಿಯಾಗುತ್ತದೆ. ಆಮೇಲೆ ಅದು ಯಾರಿಗೂ ಬೇಡ.

ಮೊದಲ ಬೆಳೆಯನ್ನು ಅತ್ತಿಗೆ ಒಬ್ಬಳೇ ಹಾಕಿದಳು, ಚೆನ್ನಾಗೇ ಆಯಿತು. ಎರಡನೆಯ ಸಲ ಸಂಘದ ಹನ್ನೆರಡು ಮನೆಯವರು ನಾವೂ ಹಾಕ್ತೀವಿ ಅಂದರು. ಅಷ್ಟರಲ್ಲಿ ಟೀವಿಯಲ್ಲಿ ಕೆಂಪು ಸಮುದ್ರದ ಸುದ್ದಿ ಬರತೊಡಗಿತು. ಅತ್ತಿಗೆ ನನ್ನ ಮುಂದೆ ಕಾಫಿ ಇಟ್ಟು ಅಲ್ಲೇ ನಿಂತಳು.

“ಅಲ್ಲಿ ಹಡಗಿಗೆ ಬಾಂಬ್ ಆಕ್ತಾವ್ರಂತೆ. ನಮ್ ಕಾಯಿ ಓಗೋದೂ ಹಡಗ್ನಾಗೇ ಅಲ್ವಾ? ಎಂಗುಸ್ರಿಗೆ ಏನಂತ ಏಳ್ಲಿ?”

ಅವಳ ತವರು ಅರಕಲಗೂಡಿನ ಕಡೆ, ಹೊಗೆಸೊಪ್ಪು ಬೆಳೆಯುವ ಮನೆ. ಪರದೇಶದವನು ಮೂಗು ಮುರಿದರೆ ಇಲ್ಲಿ ಹರಾಜಿನಲ್ಲಿ ಬೆಲೆ ಬೀಳುವುದನ್ನು ಚಿಕ್ಕಂದಿನಿಂದ ಕಂಡವಳು. ನಾನೋ, ಪುಸ್ತಕ ಓದಿದವನು. ಪೇಪರಿನಿಂದ ತಲೆಯನ್ನೂ ಎತ್ತದೆ, “ಸುಮ್ನಿರು ಅತ್ತಿಗೆ. ಅಲ್ಲಿಯ ಹಡಗಿಗೂ ನಮ್ಮ ಸೌತೆಕಾಯಿಗೂ ಏನು ಸಂಬಂಧ?” ಅಂದೆ.

“ನಮ್ ಮೈದುನ ಇದುನ್ನೇ ಓದ್ಕಂಡೋನು, ಏನೂ ಆಗಲ್ಲ ಅಂದವ್ನೆ,” ಎಂದು ಅವಳು ಸಂಘದಲ್ಲಿ ಹೇಳಿದಳು. ಹನ್ನೆರಡು ಮನೆಯವರೂ ರಾಗಿ ಬಿಟ್ಟು ಸೌತೆ ಹಾಕಿದರು. ಹೊಲ ಅವರದು, ಮಾತು ಅತ್ತಿಗೆಯದು.

ಕೀಳುವುದು ಶುರುವಾದ ಎರಡನೇ ವಾರ ಕಂಪನಿಯ ವ್ಯಾನು ಬರಲಿಲ್ಲ. ಅರಳಿಕಟ್ಟೆಯ ಹತ್ತಿರ ಚೀಲ ಇಟ್ಟುಕೊಂಡು ಹೆಂಗಸರು ಮಧ್ಯಾಹ್ನದವರೆಗೂ ಕಾದರು. ಅತ್ತಿಗೆ ಕಂಪನಿಯವನಿಗೆ ಫೋನ್ ಮಾಡಿದಳು. “ಡ್ರಮ್ಮೆಲ್ಲ ತುಂಬ್ಕಂಡವೆ ಕಣಮ್ಮ, ಕಂಟೇನರ್ ಬತ್ತಿಲ್ಲ. ಹಡಗೆಲ್ಲ ಸುತ್ತಾಕ್ಕಂಡು ಓಗ್ತಾವೆ. ನಾಕ್ ದಿನ ತಡೀರಿ,” ಅಂದನಂತೆ ಆ ಪುಣ್ಯಾತ್ಮ. ತಡೀರಿ ಅನ್ನುವುದನ್ನು ಸೌತೆಕಾಯಿಗೆ ಹೇಳಬೇಕಿತ್ತು.

ಕಾಯಿ ಕೀಳದಿದ್ದರೆ ಬಳ್ಳಿ ಫಲ ಕೊಡುವುದು ನಿಂತುಹೋಗುತ್ತದೆ ಅಂತ ಅತ್ತಿಗೆ ಎಲ್ಲರಿಂದ ಕೀಳಿಸಿದಳು. ದನ ಎರಡು ದಿನ ತಿಂದು ಮೂರನೇ ದಿನ ಮುಖ ತಿರುಗಿಸಿದವು. ಅವಳೂ ನಾನೂ ಎರಡು ಚೀಲ ಬಸ್ಸಿಗೆ ಹಾಕಿಕೊಂಡು ಹಾಸನದ ಮಾರ್ಕೆಟ್ಟಿಗೆ ಹೋದೆವು. ಮಂಡಿಯವನು ಒಂದು ಕಾಯಿ ಕಚ್ಚಿ ಉಗುಳಿದ. “ಇದ್ನ ಇಲ್ಲಿ ಯಾರ್ ತಿಂತಾರಕ್ಕ?” ಅಂದ. ಚೀಲಗಳನ್ನು ಅಲ್ಲೇ ಬಿಟ್ಟು ಬಂದೆವು.

ಮಾರನೇ ದಿನ ಊರಂಚಿನ ಮನೆಯವಳೊಬ್ಬಳು ಬಂದು ತನ್ನ ಚೀಲವನ್ನು ನಮ್ಮ ಜಗಲಿಯ ಮೇಲೆ ಇಟ್ಟು ಹೋದಳು. ಸಂಜೆಯೊಳಗೆ ಹನ್ನೆರಡು ಚೀಲ ಆದವು. ವ್ಯಾನು ಆ ಬೆಳೆ ಮುಗಿಯುವವರೆಗೂ ಬರಲಿಲ್ಲ. ಚೀಲಗಳು ಜಗಲಿಯ ಮೇಲೆಯೇ ಕೊಳೆತು ನೀರಾದವು. ಅತ್ತಿಗೆ ಅವನ್ನು ತೆಗೆಯಲು ಯಾರನ್ನೂ ಬಿಡಲಿಲ್ಲ.

“ಗೊತ್ತಿಲ್ಲ ಅನ್ಬೋದಿತ್ತು ಕಣಪ್ಪ,” ಅಂದಳು ನನಗೆ. “ಓದ್ದೋರು ಗೊತ್ತಿಲ್ಲ ಅಂದ್ರೆ ನಾವೇನು ನಗಾಡ್ತಿದ್ವಾ?”

ಅದೇ ವಾರ ಕಾಲೇಜಿನಲ್ಲಿ ಅದೇ ಪಾಠ ಬಂತು. ಬಂದರು ಮುಚ್ಚಿದರೆ ಹೊಲ ಬಾಡುತ್ತದೆ ಅಂತ ಬರೆಸುವಾಗ ಮೂಗಿನಲ್ಲಿ ಜಗಲಿಯ ಆ ಕೊಳೆತ ವಾಸನೆ ಇತ್ತು. ಥೂ ನನ್ನ ಜನ್ಮಕ್ಕೆ ಅನ್ನಿಸಿತು. ಆದರೂ ಬರೆಸಿದೆ, ಪರೀಕ್ಷೆಗೆ ಆ ಪ್ರಶ್ನೆ ಬರುತ್ತದೆ.

ಸಂಘ ಬೇರೆ ಅಧ್ಯಕ್ಷೆಯನ್ನು ಆರಿಸಿತು. ಜಗಳ ಇಲ್ಲ, ಬೈಗುಳ ಇಲ್ಲ. ಸಭೆ ಆಚೆ ಬೀದಿಯ ಜಗಲಿಗೆ ಹೋಯಿತು ಅಷ್ಟೆ. ನಾವು ಮೂರು ತಲೆಮಾರು ಕಾಪಾಡಿಕೊಂಡ ದೊಡ್ಡಸ್ತಿಕೆಯನ್ನು ನಮ್ಮೂರಿನ ಯಾರೂ ಕಿತ್ತುಕೊಳ್ಳಲಿಲ್ಲ, ನಕ್ಷೆಯಲ್ಲಿ ಬಿಟ್ಟರೆ ನಾವು ಕಾಣದ ಸಮುದ್ರ ಕಿತ್ತುಕೊಂಡಿತು. ಅದಕ್ಕೆ ಕೀಲಿಕೈ ಕೊಟ್ಟವನು ನಾನು.

ಮೊನ್ನೆ ಕಂಪನಿಯವನು ಮತ್ತೆ ಬಂದ. ಹಡಗು ಓಡುತ್ತಿವೆಯಂತೆ, ಕಾಯಿ ಬೇಕಂತೆ. ಅದೇ ಹೆಂಗಸರು, ಹೊಸ ಜಗಲಿಯ ಮೇಲೆ, ಕುರ್ಚಿ ಹಾಕಿ ‘ಬನ್ನಿ ಸಾ’ ಅಂದರು. ಅತ್ತಿಗೆ ಹಿಂದೆ, ಮೆಟ್ಟಿಲ ಹತ್ತಿರ ಕೂತಿದ್ದಳು. ಕಾಲೇಜಿಗೆ ಹೊರಟ ನಾನು ರಸ್ತೆಯಲ್ಲಿ ಬೈಕ್ ನಿಲ್ಲಿಸಿದ್ದೆ.

“ಅಲ್ಲಿ ಇನ್ನೊಂದು ಕಡೆ ಯುದ್ಧ ಅಂತಾವ್ರೆ. ಪುನಾ ಹಡಗು ನಿಂತೋದ್ರೆ?” ಎಂದು ಅತ್ತಿಗೆ ಕೇಳಿದಳು.

ಅವನು ನಕ್ಕ. “ಅಯ್ಯೋ, ಅಲ್ಲಿಯ ಯುದ್ಧಕ್ಕೂ ನಿಮ್ ಸೌತೆಕಾಯಿಗೂ ಏನಮ್ಮ ಸಂಬಂಧ?”

“ನಮ್ ಮೈದುನನೂ ಇಂಗೇ ಅಂದಿದ್ದ ಸಾ,” ಅಂದಳು ಅತ್ತಿಗೆ. “ಅವ್ನು ಕಾಲೇಜ್ನಾಗೆ ಆ ಸಂಬಂಧುನ್ನೇ ಪಾಠ ಮಾಡ್ತಾನೆ.”

ಹೆಂಗಸರೆಲ್ಲ ರಸ್ತೆಯ ಕಡೆ ತಿರುಗಿದರು. ನಾನು ಬೈಕ್ ಸ್ಟಾರ್ಟ್ ಮಾಡಿದೆ. ಮೊದಲನೇ ಪೀರಿಯಡ್ ನನ್ನದೇ ಇತ್ತು.