ರುದ್ರವ್ವನ ಗಡಿಗೆಗೆ ಒಳಗಿನ ಉತ್ತರ

ಮುಂಬಯಿಯ ಭಾಂಡುಪಿನ ನಮ್ಮ ಚಾಳಿಗೆ ಈಗೀಗ ಸ್ಟೀಲಿನ ಕೊಡಗಳು ಬಂದರೂ ತಣ್ಣೀರಿಗೆ ಕುಂಬಾರರ ರುದ್ರವ್ವನ ಗಡಿಗೆಯೇ ಬೇಕು. ಆದರೆ ಅವಸರದವರು ಆಕೆಯ ಹತ್ತಿರ ಹೋಗಬಾರದು. ಗಿರಾಕಿ ಆರಿಸಿದ ಗಡಿಗೆಯನ್ನು ಕೂಸಿನಂತೆ ಮಡಿಲಿಗೆತ್ತಿಕೊಂಡು, ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ, ಬೆನ್ನ ಹಿಂದಿನ ತಗಡಿನ ಗೋಡೆಗೆ ಕಿವಿಗೊಟ್ಟು ಕೂತುಬಿಡುತ್ತಾಳೆ. ಅಷ್ಟರಲ್ಲಿ ದಾದರಿಗೆ ಎರಡು ಲೋಕಲ್ ರೈಲು ಹೋಗಿರುತ್ತವೆ. "ಆಯಿ, ಗಡಿಗಿ ಕೊಡ್ತಿಯೋ, ಮುಹೂರ್ತ ನೋಡ್ತಿಯೋ?" ಎಂದರೆ, "ತಡಿಯವಾ, ಒಳಗಿಂದ ಹೇಳ್ಲಿ" ಎನ್ನುತ್ತಾಳೆ. ಮೊದಲು ಆ ಗೋಡೆಯಾಚೆ ಗಂಡ ಪರಪ್ಪ ತಿಗರಿ ತಿರುಗಿಸುತ್ತ ಕೂತಿರುತ್ತಿದ್ದ. ಸದ್ದು ಕೇಳಿ, ಗಡಿಗೆ ಗಟ್ಟಿಯಿದ್ದರೆ ತಾನೂ ಗೋಡೆಗೆ ಒಮ್ಮೆ ಬಡಿಯುತ್ತಿದ್ದ. ಅವನು ತೀರಿಕೊಂಡು ಮೂರು ವರ್ಷವಾಯಿತು. ಅವನ ಆ ಕೋಣೆಗೆ ಕೀಲಿ ಬಿದ್ದಿದೆ, ಗಡಿಗೆಗಳನ್ನು ರುದ್ರವ್ವನೇ ಅಂಗಳದಲ್ಲಿ ಮಾಡುತ್ತಾಳೆ. ಆದರೂ ಕಾದು ಕೂತು, ಕೆಲವನ್ನು "ಒಯ್ಯವಾ, ಚಲೋ ಐತಿ" ಎಂದು ಕೊಡುತ್ತಾಳೆ, ಕೆಲವನ್ನು ಬದಿಗಿಡುತ್ತಾಳೆ. ಬದಿಗಿಟ್ಟದ್ದನ್ನು ಹಟದಿಂದ ಒಯ್ದವರ ಮನೆಯಲ್ಲಿ ಮರುದಿನವೇ ನೀರು ಸೋರುತ್ತದೆ. ಆದರೆ ಮೊನ್ನೆಯಿಂದ ಆಕೆ ಯಾರಿಗೂ ಒಂದು ಗಡಿಗೆಯನ್ನೂ ಕೊಟ್ಟಿಲ್ಲ. "ಸಿಟ್ಟಾಗ್ಯಾರ, ಮಾತಾಡವಲ್ರು" ಎಂದು ಊಟವನ್ನೂ ಬಿಟ್ಟಿದ್ದಾಳೆ. ಇದನ್ನು ನೋಡಲಾರದೆ ನೆರೆಮನೆಯ ಭಾಗವ್ವ, ಪರಪ್ಪನ ಬದಲು ತಾನೇ ಬಡಿದು ಮುದುಕಿಗೆ ಒಂದು ತುತ್ತು ಉಣ್ಣಿಸೋಣವೆಂದು, ಇಂದು ಸದ್ದಿಲ್ಲದೆ ಕೋಣೆಯ ಹಿಂದೆ ಹೋಗಿ ನಿಂತಳು. ಮುಂದುಗಡೆ ರುದ್ರವ್ವ ಗಿರಾಕಿಯೊಬ್ಬಳ ಗಡಿಗೆ ತಟ್ಟಿದ್ದು ಕೇಳಿಸಿತು. ಭಾಗವ್ವ ಕೈ ಎತ್ತಿದಳು. ಆ ಕೈ ತಗಡನ್ನು ಮುಟ್ಟುವ ಮೊದಲೇ, ಕೀಲಿ ಹಾಕಿದ ಕೋಣೆಯೊಳಗಿನಿಂದ ಯಾರೋ ಒಮ್ಮೆ ಬಡಿದರು. "ಒಯ್ಯವಾ," ಎಂದು ಆಚೆಯಿಂದ ರುದ್ರವ್ವ ನಕ್ಕಳು, "ಚಲೋ ಐತಿ."