ತುಟಿ ಕೂಡದ ಮಾತು

ಆನ್‌ಲೈನಿನಲ್ಲಿ ತರಿಸಿದ, ಜೇಬಿನಲ್ಲಿ ಹಿಡಿಸುವ ಒಂಟಿಕಣ್ಣಿನ ದುರ್ಬೀನನ್ನು ಇವತ್ತು ಬಿಚ್ಚಿದೆ. ರಬ್ಬರಿನ ವಾಸನೆ ಬಂತು. ಅಜ್ಜಿಯ ದುರ್ಬೀನಿಗೂ ಇದೇ ವಾಸನೆಯಿತ್ತು.

ಅದನ್ನು ಕಾಕಾ ಬಂಕಾಪುರದ ಸಂತೆಯಲ್ಲಿ ಅಗ್ಗಕ್ಕೆ ಕೊಂಡು ತಂದಿದ್ದ. ಅಜ್ಜಿಗೆ ಕಿವಿ ಕೇಳುತ್ತಿರಲಿಲ್ಲ. ತುಟಿ ನೋಡಿ ಮಾತು ತಿಳಿಯುತ್ತಿದ್ದಳು. ದುರ್ಬೀನು ಬಂದ ಮೇಲೆ ಮಾಳಿಗೆಯಲ್ಲಿ ಕುಳಿತೇ ದೂರದ ಬಾವಿಯಲ್ಲಿ ನೀರು ಸೇದುವವರ ಮಾತನ್ನೂ ಕೇಳತೊಡಗಿದಳು.

"ಆ ಗೌರಿ ನನಗ ಕಿವುಡಿ ಅನ್ನಾಕತ್ತಾಳ. ಮುದುಕಿಗೆ ಎಲ್ಲಾ ಕೇಳಸ್ತೈತಿ ಅಂತ ಹೇಳಿ ಬಾ!" ಎಂದು ನಗುತ್ತಿದ್ದಳು. ಬಾವಿಯ ಕಡೆಯಿಂದ ನಮಗೆ ಏನೂ ಕೇಳಿಸುತ್ತಿರಲಿಲ್ಲ.

ಒಂದು ಮಧ್ಯಾಹ್ನ ಕಾಕಾ ಕೆಲಸ ಹುಡುಕಿಕೊಂಡು ಯಲವಿಗಿಯ ರೈಲಿಗೆ ಹೊರಟ. ಮನೆ ಬಿಡುವಾಗ ನಮ್ಮಲ್ಲಿ ಯಾರೂ 'ಹೋಗ್ತೇನಿ' ಅನ್ನುವುದಿಲ್ಲ. ಅಂದವರು ತಿರುಗಿ ಬರುವುದಿಲ್ಲವೆಂದು ನಂಬಿಕೆ. ಕಾಕಾ ಹೊಸ್ತಿಲಲ್ಲಿ "ಬರ್ತೇನವಾ" ಎಂದೇ ಹೇಳಿದ. ಆಮೇಲೆ ದೂರದ ತಿರುವಿನಲ್ಲಿ ನಿಂತು ಮನೆಯತ್ತ ತಿರುಗಿದ. ನೋಡುತ್ತಿದ್ದ ಅಜ್ಜಿ ಥಟ್ಟನೆ ದುರ್ಬೀನು ಇಳಿಸಿದಳು.

ಅವಳೆದುರು ನಿಂತು ಕೇಳಿದೆ: "ಕಾಕಾ ಏನಂದಾ?"

"ಬರ್ತೇನಿ ಅನ್ನಾಕ ತುಟಿ ಕೂಡಬೇಕು. ಕೂಡ್ಲಿಲ್ಲ. 'ಹೋ' ಅಂತ ದುಂಡಗಾದುವು."

ಕಾಕಾ ತಿರುಗಿ ಬರಲಿಲ್ಲ. ಅಜ್ಜಿ ಮಾತ್ರ ದಿನಾ ಸಂಜೆ ಆ ಖಾಲಿ ತಿರುವಿಗೆ ದುರ್ಬೀನು ಹಿಡಿದು, ನಡುನಡುವೆ ತಲೆಯಾಡಿಸುತ್ತ, "ಹೂಂ... ಹೂಂ" ಅನ್ನುತ್ತಿದ್ದಳು.

ಇವತ್ತು ಮಗಳು ಬಾಗಿಲಲ್ಲಿ "ಬರ್ತೇನಿ" ಎಂದು ಹೇಳಿ ಸವಣೂರಿನ ಬಸ್ಸಿಗೆ ಹೊರಟಳು. ಓಣಿಯ ತುದಿಯಲ್ಲಿ ತಿರುಗಿ ನಿಂತಳು. ದುರ್ಬೀನು ಕಣ್ಣಿಗೆ ಹಿಡಿದೆ; ಗಾಜಿನಲ್ಲಿ ಅವಳ ಮುಖ ಅಂಗೈಯಷ್ಟು ಹತ್ತಿರ ಬಂತು. ತುಟಿ ಅಲುಗುವ ಮೊದಲೇ ದುರ್ಬೀನನ್ನು ಜೇಬಿಗೆ ಹಾಕಿ ಕೈ ಬೀಸಿದೆ. ಬರಿಗಣ್ಣಿಗೆ, ಅಷ್ಟು ದೂರದಲ್ಲಿ, ಅವಳಿಗೆ ಬಾಯಿಯೇ ಇರಲಿಲ್ಲ.