ಫ್ರಾನ್ಸಿನಲ್ಲಿ ಉಳಿದ ತಂಬಿಗೆ

ಸಮಡೋಳಿಯ ಪಾಯಪ್ಪ ಕಾಕಾ ದೊಡ್ಡ ಯುದ್ಧಕ್ಕೆ ಹೋಗುವಾಗ ಒಂದು ಹಿತ್ತಾಳೆಯ ತಂಬಿಗೆಯನ್ನೂ ನೀರು ಸೋಸುವ ಬಟ್ಟೆಯನ್ನೂ ಒಯ್ದಿದ್ದರು. ಫ್ರಾನ್ಸಿನಲ್ಲಿ ಪಲ್ಟನ್ನಿನ ಹೇಸರಗತ್ತೆಗಳನ್ನು ನೋಡಿಕೊಳ್ಳುವುದು ಅವರ ಕೆಲಸ. ಮರಳಿ ಮಿರಜ ಸ್ಟೇಶನ್ನಿನಲ್ಲಿ ಇಳಿದಾಗ ಬಟ್ಟೆ ಇತ್ತು, ತಂಬಿಗೆ ಇರಲಿಲ್ಲ. ಹಾಗಾದರೆ ಅಲ್ಲಿ ಯಾರ ಪಾತ್ರೆಯಲ್ಲಿ ಕುಡಿದ, ಏನೇನು ತಿಂದ? ಊರಿಗೆ ಸಂಶಯ ಹತ್ತಿದ್ದು ಅಲ್ಲಿಂದ.

ಆ ವಾರವೇ ಅವರ ಅಕ್ಕ ಹೀರಾಬಾಯಿಯ ಮಗಳ ಮದುವೆ. ಮಾಂಸ ತಿಂದವನು ಜೈನರ ಪಂಕ್ತಿಯಲ್ಲಿ ಕೂತಿದ್ದಾನೆಂಬ ಮಾತು ಎದ್ದರೆ ಬೀಗರು ಎಲೆ ಬಿಟ್ಟು ಏಳುತ್ತಾರೆ. ಸೋದರಮಾವನನ್ನು ಹೊರಗಿಟ್ಟರೆ ಮದುಮಗಳಿಗೆ ಅವಮಾನ. ಹಾಗಾಗಿ ಇಳಿಹೊತ್ತಿನ ಊಟಕ್ಕೆ ಮೊದಲು ಹಿರಿಯರಾದ ಜಿನಪ್ಪನವರು ಅವರನ್ನು ಚಪ್ಪರದಲ್ಲಿ ಎದುರಿಗೆ ಕೂಡಿಸಿಕೊಂಡರು.

“ತಂಬಿಗಿ ಎಲ್ಲಿ ಹೋತೋ?”

“ಒಬ್ಬಾಕಿ ಮುದುಕಿ ಕಸಗೊಂಡ್ಳರಿ.”

“ಜರ್ಮನ್ರ ಜೋಡಿ ಹೊಡದಾಡಿದಾಂವಾ, ಮುದುಕಿ ಕೈಯಾಗ ಸೋತೇನ?” ಕೂತವರು ನಕ್ಕರು.

ಕಾಕಾ ಆ ದಿನದ ಕಥೆ ಹೇಳಿದರು. ಹುಲ್ಲು ತರಲು ಹೇಸರಗತ್ತೆ ಹೊಡೆದುಕೊಂಡು ಒಬ್ಬರೇ ಹತ್ತಿರದ ಹಳ್ಳಿಗೆ ಹೋಗಿದ್ದರು. ಅಂದು ಅಲ್ಲಿ ಸಂತೆ. ಒಂದು ಬುಟ್ಟಿಯಲ್ಲಿ ಬಸವನಹುಳುಗಳು ಹರಿದಾಡುತ್ತಿದ್ದವು. ಜನ ತಿನ್ನಲು ಕೊಂಡೊಯ್ಯುತ್ತಿದ್ದರು. ರೊಟ್ಟಿ ಮೊಳಕ್ಕಿಂತ ಉದ್ದ. ಅದರಲ್ಲಿ ಏನು ಕಲಸಿದ್ದಾರೋ. ಬೀಸುವ ಕಲ್ಲಿನಂಥ ಹಳದಿ ಗಟ್ಟಿಯೊಂದನ್ನು ತೋರಿಸಿ ಅಂಗಡಿಯವಳು ಹಾಲು ಹಿಂಡುವಂತೆ ಕೈ ಮಾಡಿದಳು. ಹಾಲು ಅಷ್ಟು ಗಟ್ಟಿ ಹೇಗಾದೀತು, ಅಂಥ ನಾತ ಹೇಗೆ ಬಂದೀತು? ಕಾಕಾ ಕೈಮುಗಿದು ಮುಂದೆ ಹೋದರು. ಕೊನೆಗೆ ಕೊಂಡದ್ದು ಸೇಬು. ಅದನ್ನೂ ಹೋಳು ಮಾಡಿ, ಹುಳ ಇಲ್ಲವೆಂದು ನೋಡಿಯೇ ತಿಂದರು.

ಅಲ್ಲಿನ ಹಳೆಯ ಗುಡಿಯ ಗೋಡೆಯಲ್ಲಿ ಕಲ್ಲಿನ ಸಂತರು ನೆಟ್ಟಗೆ ನಿಂತಿದ್ದರು. ನಮ್ಮ ಬಸದಿಯ ಮೂರ್ತಿಗಳಂತೆಯೇ, ಆದರೆ ಮೈತುಂಬ ಬಟ್ಟೆ. ಅದರಾಚೆ ಪಾಳುಬಿದ್ದ ಕೋಟೆ, ಮಿರಜದ ಕೋಟೆಯಂತೆ ಸುತ್ತ ಕಂದಕ. ಅಂಗಳದಲ್ಲಿ ಬಾವಿ. ಕತ್ತಲಾದ ಮೇಲೆ ನೀರೂ ಮುಟ್ಟಬಾರದೆಂಬ ನೇಮ; ಅದಕ್ಕೆ ಹೊತ್ತು ಮುಳುಗುವ ಮುಂಚೆ ಕಾಕಾ ನೀರು ಸೇದಿ, ಸೋಸಿ, ಕುಡಿದರು. ಬಟ್ಟೆಯಲ್ಲಿ ಸಿಕ್ಕ ಸಣ್ಣ ಜೀವಗಳು ತಮ್ಮ ನೀರಿಗೇ ಮರಳಬೇಕು. ಅದಕ್ಕೆ ಬಟ್ಟೆಯನ್ನು ಮಗುಚಿ ತಂಬಿಗೆಯಲ್ಲಿ ಜಾಲಾಡಿ, ತಂಬಿಗೆಯನ್ನು ಹಗ್ಗದಿಂದ ಇಳಿಸಿ ಮೆಲ್ಲಗೆ ಬಾವಿಗೆ ಸುರಿದರು.

ಪಕ್ಕದ ಮನೆಯ ಕಿಟಕಿಯಲ್ಲಿದ್ದ ಒಬ್ಬ ಮುದುಕಿ ಕಂಡದ್ದು ಅಷ್ಟೇ: ಯುದ್ಧಕಾಲದಲ್ಲಿ ಪರದೇಶದವನೊಬ್ಬ ಬಾವಿಗೆ ಏನನ್ನೋ ಸುರಿಯುತ್ತಿದ್ದಾನೆ. ಅವಳ ಕೂಗಿಗೆ ಗಂಡಸರು ಓಡಿ ಬಂದರು. ಒಬ್ಬ ಹುಲ್ಲೆತ್ತುವ ಕವಲುಗೋಲನ್ನು ಕಾಕಾನ ಎದೆಗೆ ಹಿಡಿದ. ಮುದುಕಿ ಅದೇ ತಂಬಿಗೆಯಲ್ಲಿ ಬಾವಿಯ ನೀರು ತುಂಬಿ, ನೀನೇ ಕುಡಿ ಎಂದು ಬಾಯಿಗೆ ತಂದಳು.

“ಕುಡದಿರಬೇಕ ನೀ,” ಎಂದರು ಜಿನಪ್ಪ.

“ಇಲ್ಲರಿ. ಅಷ್ಟರಾಗ ಹೊತ್ತು ಮುಳಗಿತ್ತು. ತುಟಿ ಬಿಚ್ಚಲಿಲ್ಲ. ಇಂವಾ ಕುಡ್ಯಾಂಗಿಲ್ಲ ಅಂದ್ರ ಬಾವ್ಯಾಗ ಹಾಕಿದ್ದು ವಿಷಾನ ಅಂತ ಅವರಿಗೆ ಖಾತ್ರಿ ಆತು.”

“ಮತ್ತ ಹೆಂಗ ಉಳದಿ?”

“ಬಕೆಟ್ಟನ್ಯಾಗ ನೀರ ಸೇದಿ ಹ್ಯಾಸರಗತ್ತಿ ಮುಂದ ಇಟ್ನಿ. ತಳಾ ಕಾಣೂತನಕ ಕುಡೀತು. ಆಮ್ಯಾಲ ಬಿಟ್ರು. ತಂಬಿಗಿ ಮಾತ್ರ ಕೊಡಲಿಲ್ಲ.”

“ಛಲೋ ಆತು! ಹ್ಯಾಸರಗತ್ತೀನ ಕರಸೂಣೇನ, ಸಾಕ್ಷಿ ಹೇಳಾಕ?”

ಮತ್ತೆ ನಗು. ಕಾಕಾ ಎದ್ದರು. ಹಿತ್ತಲಿನ ಹಂಡೆಯಿಂದ ನೀರು ತೆಗೆದು, ಅದೇ ಹಳೆಯ ಬಟ್ಟೆಯಲ್ಲಿ ಸೋಸಿ ಕುಡಿದರು. ಮದುವೆಗೆಂದು ಎರಡು ಬಾವಿಗಳ ನೀರು ತರಿಸಿದ್ದರು.

“ಅಕ್ಕಾ, ಈ ಹಂಡೇದ ಯಾವ ಬಾವಿ ನೀರು?”

“ಹೊಲದ್ದೋ ತಮ್ಮಾ. ಅಷ್ಟ ದೂರ ಯಾಕ ಹೊಂಟಿ, ಎಲ್ಲಾರೂ ಬಟ್ಟಿ ಇಲ್ಲೇ ಝಾಡಿಸ್ಯಾರ,” ಎಂದರು ಹೀರಾಬಾಯಿ.

ಕಾಕಾ ಹಸಿ ಬಟ್ಟೆ ಹಿಡಿದು ಹೊಲದ ಕಡೆಗೆ ನಡೆದೇ ಬಿಟ್ಟರು. ಮುಚ್ಚಿಟ್ಟದ್ದನ್ನು ತಿನ್ನಲು ಹೊರಟನೇನೋ ಎಂದು ಜಿನಪ್ಪ ಸದ್ದಿಲ್ಲದೆ ಹಿಂದೆ ಬಂದು ಜಾಲಿಯ ಮರೆಯಲ್ಲಿ ನಿಂತರು. ಕಾಕಾ ಬಾವಿಯ ಮೆಟ್ಟಿಲಿಳಿದು, ಬಟ್ಟೆಯನ್ನು ಮಗುಚಿ, ನೀರಿನಲ್ಲಿ ಮೆಲ್ಲಗೆ ಜಾಲಾಡಿದರು. ಮೇಲೆ ಬಂದಾಗ ಜಿನಪ್ಪ ಎದುರಿಗಿದ್ದರು.

“ಅಲ್ಲೂ ಹಿಂಗ ಮಾಡಿದ್ದೇನ?”

“ಹಿಂಗ ರೀ.”

ಜಿನಪ್ಪ ಬಾವಿಯೊಳಗೆ ಬಗ್ಗಿ ನೋಡಿದರು. ಆಮೇಲೆ ಹಸಿ ಬಟ್ಟೆಯ ಹೊರತು ಏನೂ ಇಲ್ಲದ ಕಾಕಾನ ಕೈಗಳನ್ನೂ ನೋಡಿದರು.

“ನಡಿ. ಎಲಿ ಹಾಕ್ಯಾರ. ಹೊತ್ತ ಮುಳಗಿದ್ರ ನೀ ಮತ್ತ ತುಟಿ ಬಿಚ್ಚಾಂಗಿಲ್ಲ.”

ಪಂಕ್ತಿಯಲ್ಲಿ ಅವರನ್ನು ತಮ್ಮ ಪಕ್ಕದಲ್ಲೇ ಕೂಡಿಸಿಕೊಂಡರು. ಬೀಗರಲ್ಲಿ ಯಾರೂ ಏಳಲಿಲ್ಲ. ಜಿನಪ್ಪನವರ ಕಣ್ಣು ಮಾತ್ರ ಊಟ ಮುಗಿಯುವವರೆಗೂ ಕಾಕಾನ ಕೈ ಮೇಲೆಯೇ ಇತ್ತು.